ವಿಲಿಯಮ್ ಮಾರಿಸನ ಮಗ್ಗ

ಉಡುಪಿನ ಸೊಗಸು ವರ್ಷವರ್ಷಕ್ಕೂ ಬದಲಾಗತಕ್ಕದ್ದು. ಇಂದು ಮೆಚ್ಚಿದ ಬಣ್ಣವನ್ನು ಮುಂದಿನ ಋತುವಿನಲ್ಲಿ ತಿರಸ್ಕರಿಸುವಂತೆ ಮಾಡುವುದೇ ಆ ವ್ಯಾಪಾರದ ಜೀವಾಳ. ಹೀಗಿರುವಲ್ಲಿ, ಕಾಲವಾಗಿ ನೂರು ವರ್ಷಗಳಿಗೂ ಮೇಲ್ಪಟ್ಟ ಒಬ್ಬ ಮನುಷ್ಯನ ಎಲೆಬಳ್ಳಿಗಳ ಚಿತ್ತಾರವು ಮತ್ತೆ ಮತ್ತೆ ಉಡುಪಿನಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತಿದ್ದರೆ ಅದು ವಿಚಾರಾರ್ಹವಾದ ಸಂಗತಿಯೇ ಸರಿ. 2017ರಲ್ಲಿ ಸ್ಪೇನ್ ದೇಶದ ಲೋಯೆವೆ ಎಂಬ ಹೆಸರಾಂತ ಸಂಸ್ಥೆಯೂ, 2018ರಲ್ಲಿ ಸ್ವೀಡನ್ನಿನ ಎಚ್ ಅಂಡ್ ಎಂ ಸಂಸ್ಥೆಯೂ ವಿಲಿಯಮ್ ಮಾರಿಸನ ಚಿತ್ತಾರಗಳನ್ನು ತಮ್ಮ ಉಡುಪುಗಳ ಮೇಲೆ ತಂದವು. ಮೊದಲನೆಯದು ಸಿರಿವಂತರ ಅಂಗಡಿ, ಎರಡನೆಯದು ಸಾಮಾನ್ಯರದು. ಎರಡೂ ಕಡೆ ಆತನ ಹೆಸರು ಮಾರಾಟಕ್ಕೆ ನೆರವಾಯಿತು. ಆದರೆ ಆ ಉಡುಪನ್ನು ತೊಟ್ಟವರಲ್ಲಿ ಎಷ್ಟು ಮಂದಿ ಆತನ ಮಗ್ಗವನ್ನು ಬಲ್ಲರು? ಚಿತ್ತಾರವು ಉಳಿದು, ಯಾವುದಕ್ಕಾಗಿ ಆತನು ಅದನ್ನು ಬರೆದನೋ ಅದು ಮರೆಯಾಗಿದೆಯೆಂಬ ಶಂಕೆ ನಮಗುಂಟು. ಆದಕಾರಣ ಆತನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಬಯಸುತ್ತೇವೆ.

ಮಾರಿಸನು ಬಹುವಾಗಿ ಪ್ರೀತಿಸಿದ ವಿದ್ಯೆ ಚಿತ್ರನೇಯ್ಗೆ. ಇಂಗ್ಲಿಷರು ಇದನ್ನು ಟ್ಯಾಪೆಸ್ಟ್ರಿ ಎನ್ನುತ್ತಾರೆ. ಸಾಧಾರಣ ಬಟ್ಟೆಯಲ್ಲಿ ಹೊಕ್ಕಿನ ನೂಲು ಒಂದಂಚಿನಿಂದ ಇನ್ನೊಂದಂಚಿಗೆ ಲಾಳಿಯೊಡನೆ ಓಡುತ್ತದೆ. ಚಿತ್ರನೇಯ್ಗೆಯಲ್ಲಿ ಹಾಗಲ್ಲ. ಒಂದೊಂದು ಬಣ್ಣದ ನೂಲೂ ಚಿತ್ರದಲ್ಲಿ ತನ್ನ ಪಾಲಿಗೆ ಬಂದಷ್ಟು ಎಡೆಯಲ್ಲಿ ಮಾತ್ರ ಹೋಗಿ ಹಿಂದಿರುಗುತ್ತದೆ. ಹೊಕ್ಕನ್ನು ಬಾಚಿ ಒತ್ತುವುದರಿಂದ ಹಾಸು ಪೂರ್ಣವಾಗಿ ಮುಚ್ಚಿಹೋಗುತ್ತದೆ. ಬಟ್ಟೆಯ ಮೇಲೆ ಚಿತ್ರವನ್ನು ಅಚ್ಚೊತ್ತುವುದಾಗಲಿ, ಸೂಜಿಯಿಂದ ಹೊಲಿಯುವುದಾಗಲಿ ಇಲ್ಲಿಲ್ಲ. ಬಟ್ಟೆಯೂ ಚಿತ್ರವೂ ಒಟ್ಟಿಗೆ ಹುಟ್ಟುತ್ತವೆ. ನಮ್ಮ ವಾಚಕರಿಗೆ ಇದು ತೀರ ಅಪರಿಚಿತವಲ್ಲ. ಪೈಠಣಿ ಸೀರೆಯ ಸೆರಗಿನಲ್ಲಿರುವ ನವಿಲುಗಳೂ, ಕಾಶ್ಮೀರದ ಕಾನಿ ಶಾಲಿನ ಹೂವುಗಳೂ ಇದೇ ವಿದ್ಯೆಯ ಸಂತಾನ. ಕೈಬೆರಳುಗಳೇ ಇದಕ್ಕೆ ಮುಖ್ಯ ಸಾಧನ. ದಿನವೊಂದಕ್ಕೆ ಅಂಗುಲಗಳ ಲೆಕ್ಕದಲ್ಲಿ ಕೆಲಸ ಸಾಗುತ್ತದೆ.

ಮಾರಿಸನು 1834ನೆಯ ಇಸವಿ ಮಾರ್ಚ್ 24ರಂದು ಲಂಡನ್ನಿನ ಸಮೀಪದ ವಾಲ್ಥಮ್‌ಸ್ಟೋ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಹುಂಡಿ ವ್ಯವಹಾರದಲ್ಲಿ ಹಣ ಗಳಿಸಿದವನು. ಡೆವನ್ ಪ್ರಾಂತದ ತಾಮ್ರದ ಗಣಿಯ ಪಾಲುಗಳಿಂದ ಆ ಮನೆತನದ ಐಶ್ವರ್ಯ ಬಹಳ ಹೆಚ್ಚಿತು. ಬಾಲಕನು ಎಪ್ಪಿಂಗ್ ಕಾಡಿನಲ್ಲಿ ಮನಬಂದಂತೆ ಅಲೆದು ಬೆಳೆದನು. ಆ ಕಾಡಿನಲ್ಲಿ ಎಲಿಜಬೆತ್ ರಾಣಿಯ ಹೆಸರಿನ ಹಳೆಯ ಬೇಟೆಯ ಮನೆಯೊಂದಿದ್ದಿತು. ಅದರ ಒಂದು ಕೋಣೆಯ ಗೋಡೆಗೆ, ಬಣ್ಣ ಮಾಸಿದ ಎಲೆಗಿಡಗಳ ಚಿತ್ರಪಟವನ್ನು ತೂಗುಬಿಟ್ಟಿದ್ದರು. ಅದನ್ನು ಕಂಡಾಗ ಆದ ಸಂತೋಷವನ್ನು ಮಾರಿಸನು ಮುಪ್ಪಿನವರೆಗೂ ನೆನೆಯುತ್ತಿದ್ದನು. ಮುಂದೆ ಆತನು ನೇಯ್ದ ಹಸುರೆಲ್ಲವೂ ಆ ಕೋಣೆಯಲ್ಲಿಯೇ ಮೊಳೆತುದೆಂದರೆ ತಪ್ಪಾಗಲಾರದು.

1853ರಲ್ಲಿ ಆತನು ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜನ್ನು ಸೇರಿದನು. ಪಾದ್ರಿಯಾಗಬೇಕೆಂಬುದು ಮೊದಲಿನ ಸಂಕಲ್ಪ. ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಎಂಬ ಸಹಪಾಠಿಯ ಸ್ನೇಹವಾಯಿತು. ಅದು ಸಾಯುವತನಕ ಕಡಿಯಲಿಲ್ಲ. ಇಬ್ಬರೂ ಜಾನ್ ರಸ್ಕಿನ್ನನ ಗ್ರಂಥಗಳನ್ನು ಓದಿದರು. ಮಧ್ಯಯುಗದ ಶಿಲ್ಪಿಯು ತನ್ನ ಕೆಲಸದಲ್ಲಿ ಸ್ವತಂತ್ರನಾಗಿದ್ದನು, ಆದುದರಿಂದಲೇ ಆತನ ಕೃತಿಯಲ್ಲಿ ಜೀವವಿದೆ, ಕೆಲಸವನ್ನು ಚೂರುಚೂರಾಗಿ ಹಂಚಿದಾಗ ಚೂರಾಗುವವನು ಕೆಲಸಗಾರನೇ ಎಂಬ ರಸ್ಕಿನ್ನನ ಬೋಧೆಯು ಆ ಯುವಕರ ಮನಸ್ಸಿನಲ್ಲಿ ನಾಟಿತು. ಪಾದ್ರಿಯಾಗುವ ಯೋಚನೆ ಹಿಂದೆ ಬಿದ್ದಿತು. ಮಾರಿಸನು 1856ರಲ್ಲಿ ವಾಸ್ತುಶಿಲ್ಪವನ್ನು ಕಲಿಯಲು ತೊಡಗಿ, ಅದನ್ನೂ ಬಿಟ್ಟು ಚಿತ್ರಕಲೆಗೆ ಕೈಹಾಕಿದನು. 1859ರಲ್ಲಿ ಜೇನ್ ಬರ್ಡನ್ ಎಂಬ, ಕುದುರೆಲಾಯದ ಕೆಲಸಗಾರನೊಬ್ಬನ ಮಗಳನ್ನು ವಿವಾಹವಾದನು. ಹೊಸ ಸಂಸಾರಕ್ಕೆಂದು ಬೆಕ್ಸ್‌ಲಿಹೀತಿನಲ್ಲಿ ಕೆಂಪಿಟ್ಟಿಗೆಯ ಮನೆಯೊಂದನ್ನು ಕಟ್ಟಿಸಿದಾಗ, ಅದರೊಳಗೆ ಇರಿಸಲು ತಕ್ಕ ಪೀಠವಾಗಲಿ ಪರದೆಯಾಗಲಿ ಆತನ ಕಣ್ಣಿಗೆ ಪೇಟೆಯಲ್ಲಿ ಬೀಳಲಿಲ್ಲ. ಸ್ನೇಹಿತರು ಸೇರಿ ಎಲ್ಲವನ್ನೂ ತಾವೇ ಮಾಡಿಕೊಂಡರು. ಈ ಅನುಭವದಿಂದ 1861ರಲ್ಲಿ ಒಂದು ವ್ಯಾಪಾರಸಂಸ್ಥೆ ಹುಟ್ಟಿತು. 1875ರಲ್ಲಿ ಅದು ಮಾರಿಸ್ ಆಂಡ್ ಕಂಪನಿ ಎಂಬ ಹೆಸರಿನಿಂದ ಆತನೊಬ್ಬನದೇ ಆಯಿತು.

ಈ ನಡುವೆ ಆತನು ಕವಿಯೆಂದು ಪ್ರಖ್ಯಾತನಾದನು. 1868ರಿಂದ 1870ರವರೆಗೆ ಹೊರಬಂದ ದೀರ್ಘಕಾವ್ಯವು ಆತನನ್ನು ಇಂಗ್ಲೆಂಡಿನ ಅಗ್ರಗಣ್ಯ ಕವಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿತು. ಆದರೆ ಆತನ ವೇಷಭೂಷಣಗಳು ಕವಿಯದೂ ಅಲ್ಲ, ಧನಿಕನದೂ ಅಲ್ಲ. ನೀಲಿಯ ಅಂಗಿಯನ್ನೂ ಒರಟು ಉಣ್ಣೆಯ ಉಡುಪನ್ನೂ ತೊಟ್ಟು ಬೀದಿಯಲ್ಲಿ ನಡೆದರೆ, ಹಡಗಿನ ಕಪ್ತಾನನೆಂದು ಜನರು ಭ್ರಮಿಸುವುದುಂಟಾಗಿತ್ತು. 1875ರಲ್ಲಿ ತಾಮ್ರದ ಗಣಿಯ ನಿರ್ದೇಶಕತ್ವವನ್ನು ತ್ಯಜಿಸಿದ ದಿನ, ಆ ಸಭೆಗಳಿಗೆಂದು ಇಟ್ಟುಕೊಂಡಿದ್ದ ಎತ್ತರದ ಟೋಪಿಯ ಮೇಲೆ ಕುಳಿತು ಅದನ್ನು ಅಪ್ಪಚ್ಚಿ ಮಾಡಿದನೆಂದು ಹೇಳುತ್ತಾರೆ. ಆತನ ಪತ್ನಿಯಾದರೋ ಅಂದಿನ ಹೆಂಗಸರು ನಡುವನ್ನು ಬಿಗಿಯಲು ತೊಡುತ್ತಿದ್ದ ಕವಚವನ್ನು ತೊರೆದು, ಸಡಿಲವಾಗಿ ಇಳಿಬೀಳುವ ನಿಲುವಂಗಿಗಳನ್ನು ಧರಿಸುತ್ತಿದ್ದಳು. ರೊಸೆಟ್ಟಿ ಎಂಬ ಚಿತ್ರಕಾರನು ಆಕೆಯನ್ನು ಆ ಉಡುಪಿನಲ್ಲಿ ಚಿತ್ರಿಸಿದನು. ಮುಂದಿನ ಎರಡು ದಶಕಗಳಲ್ಲಿ ಲಂಡನ್ನಿನ ರಸಿಕವರ್ಗದ ಹೆಂಗಸರು ಇಂತಹ ಉಡುಪನ್ನು ಮೆಚ್ಚಿ ತೊಟ್ಟರು. ಹೀಗೆ ಉಡುಪಿನ ಸೊಗಸಿಗೂ ಮಾರಿಸನ ಮನೆಗೂ ಸಂಬಂಧವು ಆಗಲೇ ಬೆಳೆದಿದ್ದಿತು.

ಆದರೆ ಸೊಗಸನ್ನು ಹೊರಗಿನಿಂದ ಕೊಂಡು ತರುವುದು ಆತನ ಸ್ವಭಾವವಲ್ಲ. ಯಾವ ಕಸುಬಿನ ವಸ್ತುವನ್ನು ಮಾರಬೇಕೋ ಆ ಕಸುಬನ್ನು ತನ್ನ ಕೈಯಿಂದ ಮೊದಲು ಕಲಿಯಬೇಕೆಂಬುದು ಆತನ ನಿಯಮ. 1856ರಲ್ಲಿ ಪರ್ಕಿನ್ ಎಂಬ ರಸಾಯನಶಾಸ್ತ್ರಜ್ಞನು ಕಲ್ಲಿದ್ದಲಿನ ಡಾಮರಿನಿಂದ ಬಣ್ಣ ತೆಗೆದ ಮೇಲೆ, ಹಳೆಯ ಸಸ್ಯವರ್ಣಗಳು ಇಂಗ್ಲೆಂಡಿನಲ್ಲಿ ಮೂಲೆಗುಂಪಾದವು. ಹೊಸ ಬಣ್ಣಗಳು ಅಗ್ಗ. ಆದರೆ ಕಣ್ಣಿಗೆ ಕಟು, ಬಿಸಿಲಿಗೆ ಅಳುಕು. 1875ರಿಂದ ಮಾರಿಸನು ಲೀಕ್ ಎಂಬ ಊರಿಗೆ ಹೋಗಿ, ಅಲ್ಲಿನ ರಂಗುಗಾರ ಥಾಮಸ್ ವಾರ್ಡಲನೊಡನೆ ನಿಂತು ನೀಲಿ ಮತ್ತು ಮಂಜಿಷ್ಠದ ಹಳೆಯ ಪಾಕಗಳನ್ನು ಪರೀಕ್ಷಿಸಿದನು. ಮೊಳಕೈವರೆಗೆ ತೋಳು ನೀಲಿಯಾಗಿ, ಎಷ್ಟು ತೊಳೆದರೂ ಹೋಗದಂತಾಗಿದ್ದಿತು. ಈ ವಾರ್ಡಲನು ನಮ್ಮ ದೇಶದ ಟಸ್ಸರ್ ರೇಷ್ಮೆಗೆ ಬಣ್ಣ ಹತ್ತಿಸುವ ಕ್ರಮವನ್ನು ಸಾಧಿಸಿದವನು; ಮಾರಿಸನ ಚಿತ್ತಾರಗಳಲ್ಲಿ ಕೆಲವನ್ನು ಆ ರೇಷ್ಮೆಯ ಮೇಲೆ ಅಚ್ಚೊತ್ತಿದನು.

ಬಣ್ಣ ಕೈವಶವಾದ ಮೇಲೆ ಮಗ್ಗದ ಸರದಿ. ಆತನು ಯಂತ್ರದ ಶತ್ರುವೆಂದು ಸಾಧಾರಣವಾಗಿ ಹೇಳುವುದುಂಟು, ಇದು ಅರ್ಧಸತ್ಯ. 1877ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದಿಂದ ನೇಕಾರನೊಬ್ಬನನ್ನು ಕರೆಯಿಸಿ, ಜಕಾರ್ಡ್ ಮಗ್ಗವನ್ನು ಹೂಡಿಸಿದವನೂ ಆತನೇ. ಹೇಸಿಕೆಯ ದುಡಿತವನ್ನು ಯಂತ್ರವು ಹೊರಲಿ, ಮನಸ್ಸಿಗೆ ಹಿತವಾದ ಕೆಲಸವನ್ನು ಮನುಷ್ಯನಿಂದ ಕಿತ್ತುಕೊಳ್ಳದಿರಲಿ ಎಂಬುದು ಆತನ ಮತ. ಚಿತ್ರನೇಯ್ಗೆಗೆ ಮಾತ್ರ ಯಂತ್ರವನ್ನು ಹತ್ತಿರ ಸೇರಿಸಲಿಲ್ಲ. ಆ ವಿದ್ಯೆಯನ್ನು ಆತನ ಮನಸ್ಸಿನಂತೆ ಕಲಿಸುವವರು ಇಂಗ್ಲೆಂಡಿನಲ್ಲಿ ದೊರೆಯಲಿಲ್ಲವಾಗಿ, ಹದಿನೆಂಟನೆಯ ಶತಮಾನದ ಫ್ರೆಂಚ್ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಸ್ವತಃ ಅಭ್ಯಾಸ ಮಾಡಿದನು. 1878ರಲ್ಲಿ ಹ್ಯಾಮರ್‌ಸ್ಮಿತಿನ ನದೀತೀರದ ಮನೆಗೆ ಬಂದು, ಮಲಗುವ ಕೋಣೆಯಲ್ಲಿಯೇ ನೆಟ್ಟಗೆ ನಿಲ್ಲುವ ಮಗ್ಗವನ್ನು ಹೂಡಿದನು. 1879ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಬೆಳಕು ಹರಿಯುತ್ತಲೇ ಎದ್ದು ಮಗ್ಗದ ಮುಂದೆ ಕುಳಿತು, ದಿನದಿನದ ಗಂಟೆಗಳನ್ನು ಬರೆದಿಟ್ಟನು. ಒಟ್ಟು 516 ಗಂಟೆಗಳ ದುಡಿಮೆಯಲ್ಲಿ ಎಲೆಗಳೂ ದ್ರಾಕ್ಷಾಲತೆಯೂ ಹೆಣೆದುಕೊಂಡ ಮೊದಲ ಪಟ ಮುಗಿಯಿತು. ಆಗ ಆತನಿಗೆ ನಲವತ್ತೈದು ವರ್ಷ. ದೇಶವೇ ಓದುವ ಕವಿ. ಬೀದಿಯ ಮೇಲೆ ಅಂಗಡಿಯುಳ್ಳ ವರ್ತಕ. ಅಂತಹವನು ಕೂಲಿಯ ನೇಕಾರನಂತೆ ಗಂಟೆಯ ಲೆಕ್ಕ ಬರೆದನೆಂಬುದನ್ನು ನಾವು ಗಮನಿಸಬೇಕು. ಒಂದು ಪಟಕ್ಕೆ ಮನುಷ್ಯನ ಆಯುಸ್ಸಿನಲ್ಲಿ ಎಷ್ಟು ಪಾಲು ಸಲ್ಲುತ್ತದೆಂಬುದನ್ನು ತಿಳಿಯದವನಿಗೆ ಅದರ ಬೆಲೆ ಕಟ್ಟುವ ಅಧಿಕಾರವಿಲ್ಲವೆಂದು ಆತನು ಅರಿತಿದ್ದನು.

ಅದೇ 1879ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆತನು ಒಂದು ಉಪನ್ಯಾಸ ಮಾಡಿದನು. ಅದರಲ್ಲಿ ಭಾರತದ ಮಾತು ಬಂದಿತು. ಇಂಗ್ಲೆಂಡಿನ ಆಳ್ವಿಕೆಯೂ ವಾಣಿಜ್ಯವೂ ಸೇರಿ ಪೂರ್ವದೇಶದ ಜನರ ಕಲೆಗಳನ್ನು ಬೇಗಬೇಗನೆ ನಾಶಪಡಿಸುತ್ತಿವೆಯೆಂದೂ, ಸರ್ಕಾರವೇ ಇಲ್ಲಿನ ಸೆರೆಮನೆಗಳಲ್ಲಿ ಅಗ್ಗದ ಜಮಖಾನೆಗಳನ್ನು ನೇಯಿಸಿ ಒಳ್ಳೆಯ ನೇಕಾರನ ಹೊಟ್ಟೆಯ ಮೇಲೆ ಹೊಡೆಯುತ್ತಿದೆಯೆಂದೂ ತನ್ನ ದೇಶದವರ ಮುಂದೆಯೇ ನಿಷ್ಠುರವಾಗಿ ಆಡಿದನು. ಆ ಮಾತಿಗೆ ಸಾಕ್ಷಿ ಬೇಕಾದರೆ ಕಾಶ್ಮೀರವನ್ನು ನೋಡಬಹುದು. ಕಾನಿ ಶಾಲನ್ನು ಐರೋಪ್ಯ ರಾಣಿಯರು ಹೊದೆದರು, ಬೇಡಿಕೆ ಹೆಚ್ಚಿತು, ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಜಕಾರ್ಡ್ ಮಗ್ಗದ ಮೇಲೆ ಅದರ ಅನುಕರಣವನ್ನು ನೇಯ್ದು ಅಗ್ಗವಾಗಿ ಮಾರಿದರು. 1870-71ರ ಫ್ರೆಂಚ್-ಪ್ರಷ್ಯನ್ ಯುದ್ಧದ ತರುವಾಯ ಪ್ಯಾರಿಸಿನ ಪೇಟೆ ಮುಚ್ಚಿತು. ಶಾಲಿನ ಸೊಗಸೂ ಹಳತಾಯಿತು. ಅದರ ಬೆನ್ನಿಗೇ 1877ರಿಂದ 1879ರವರೆಗೆ ಕಾಶ್ಮೀರದಲ್ಲಿ ಘೋರವಾದ ಕ್ಷಾಮ ಬಿದ್ದಿತು. ಮಾರಿಸನು ಹ್ಯಾಮರ್‌ಸ್ಮಿತಿನಲ್ಲಿ ಎಲೆಬಳ್ಳಿಯನ್ನು ನೇಯುತ್ತಿದ್ದ ಕಾಲದಲ್ಲಿ, ಆ ವಿದ್ಯೆಯಲ್ಲಿ ನಿಸ್ಸೀಮರಾದವರು ಅಲ್ಲಿ ಹಸಿವಿನಿಂದ ಸಾಯುತ್ತಿದ್ದರು. ಅವರು ನೇಯ್ದ ಮಾವಿನಕಾಯಿಯ ಆಕಾರವು ಇಂದಿಗೂ ಲೋಕವೆಲ್ಲ ಪ್ರಸಿದ್ಧವಾಗಿದೆ. ಆದರೆ ಅದಕ್ಕಿರುವ ಹೆಸರು ಪೈಸ್ಲಿ. ಚಿತ್ತಾರವು ಬದುಕಿ, ನೇಕಾರನು ಅಳಿದು, ಹೆಸರು ಮತ್ತೊಬ್ಬರ ಪಾಲಾಗುವುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವನ್ನು ನಾವು ಕಾಣೆವು.

1881ರಲ್ಲಿ ಮಾರಿಸನು ವಾಂಡಲ್ ಹೊಳೆಯ ದಡದಲ್ಲಿ ಮರ್ಟನ್ ಆಬಿ ಎಂಬ ಎಡೆಯಲ್ಲಿ ಏಳು ಎಕರೆಗಳ ಹಳೆಯ ಕಾರ್ಖಾನೆಯನ್ನು ಹಿಡಿದನು. ಅಲ್ಲಿ ರಂಗಿನ ತೊಟ್ಟಿಗಳು, ಅಚ್ಚಿನ ಮನೆ, ಮಗ್ಗಗಳು ಎಲ್ಲವೂ ಒಂದೆಡೆ ಸೇರಿದವು. ಅವನಿಂದ ಚಿತ್ರನೇಯ್ಗೆಯನ್ನು ಮೊದಲು ಕಲಿತವನು ಜಾನ್ ಹೆನ್ರಿ ಡರ್ಲ್ ಎಂಬ ಹುಡುಗ. ಮುಂದೆ ಆ ಸಂಸ್ಥೆಯ ಮುಖ್ಯ ಚಿತ್ರಕಾರನಾದವನೂ ಈತನೇ. ಮನುಷ್ಯರ ಆಕೃತಿಗಳನ್ನು ಬರ್ನ್-ಜೋನ್ಸನು ಬರೆದುಕೊಡುತ್ತಿದ್ದನು. ಬಣ್ಣಗಳ ಆಯ್ಕೆಯಲ್ಲಿ ನೇಯುವವನಿಗೆ ಸಾಕಷ್ಟು ಸ್ವಾತಂತ್ರ್ಯವಿದ್ದಿತು. 1890ರಲ್ಲಿ ಮುಗಿದ, ಶಿಶು ಯೇಸುವಿಗೆ ಪೂರ್ವದೇಶದ ಜ್ಞಾನಿಗಳು ಕಾಣಿಕೆ ಸಲ್ಲಿಸುವ ಪಟವು ಇಂದಿಗೂ ಆತನು ಓದಿದ ಎಕ್ಸೆಟರ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿದೆ.

ಇಲ್ಲಿ ಆತನ ಜೀವನದ ವಿರೋಧವನ್ನು ಮುಚ್ಚಿಡುವುದು ನ್ಯಾಯವಲ್ಲ. ಇಷ್ಟು ದುಡಿಮೆಯ ಪಟವನ್ನು ಕೊಳ್ಳಬಲ್ಲವರು ಯಾರು? ಬಡವನಂತೂ ಅಲ್ಲ. ಪವಿತ್ರಪಾತ್ರೆಯ ಅನ್ವೇಷಣೆಯ ಕಥೆಯನ್ನುಳ್ಳ ಆತನ ಮಹತ್ತಾದ ಪಟಮಾಲೆಯನ್ನು 1890ರ ದಶಕದಲ್ಲಿ ನೇಯಿಸಿಕೊಂಡವನು ವಿಲಿಯಮ್ ನಾಕ್ಸ್ ಡಾರ್ಸಿ. ಆಸ್ಟ್ರೇಲಿಯದ ಚಿನ್ನದ ಗಣಿಯಿಂದ ಸಂಪತ್ತು ಗಳಿಸಿ, ಮುಂದೆ 1901ರಲ್ಲಿ ಪರ್ಷಿಯದ ಎಣ್ಣೆಯ ಹಕ್ಕನ್ನು ಪಡೆದವನು ಈತನೇ. ಮಗ್ಗದಲ್ಲಿ ಕುಳಿತವರಲ್ಲಿ ಎಳೆಯ ಹುಡುಗರೂ ಇದ್ದರು. ಮಾರಿಸನು ಒಳ್ಳೆಯ ಕೂಲಿ ಕೊಟ್ಟನು, ಮುಖ್ಯರಾದ ಕೆಲವರಿಗೆ ಲಾಭದಲ್ಲಿ ಪಾಲನ್ನೂ ಕೊಟ್ಟನು. ಎಲ್ಲರಿಗೂ ಸಮವಾಗಿ ಹಂಚಲಿಲ್ಲ. ಇದನ್ನು ಎತ್ತಿ ಆಡಿದವರು ಆತನ ಕಾಲದಲ್ಲಿಯೇ ಇದ್ದರು. ಒಂದು ಕಾರ್ಖಾನೆಯಲ್ಲಿ ಮಾಡುವ ಧರ್ಮದಿಂದ ಲೋಕದ ಅಧರ್ಮವು ನೀಗಲಾರದೆಂಬುದು ಆತನ ಸಮಾಧಾನವಾಗಿದ್ದಿತು. ಅದು ಎಲ್ಲರಿಗೂ ಸಮಾಧಾನವನ್ನುಂಟುಮಾಡದಿದ್ದರೆ ಅಚ್ಚರಿಯಿಲ್ಲ.

ಆದರೆ ಆತನು ಆ ಸಮಾಧಾನವನ್ನು ನೆವಮಾಡಿಕೊಂಡು ಕೈಕಟ್ಟಿ ಕೂರಲಿಲ್ಲವೆಂಬುದನ್ನು ಹೇಳಲೇಬೇಕು. ಒಳ್ಳೆಯ ವಸ್ತು ಸಿರಿವಂತನ ಗೋಡೆಗೆ ಮಾತ್ರ ಸಲ್ಲುವುದಾದರೆ, ದೋಷವು ವಸ್ತುವಿನದಲ್ಲ, ಸಮಾಜದ್ದು ಎಂದು ನಿಶ್ಚಯಿಸಿ, 1883ರಲ್ಲಿ ಸಮಾಜವಾದಿಗಳ ಪಕ್ಷವನ್ನು ಸೇರಿದನು. 1884ರ ಕೊನೆಯಲ್ಲಿ ಭಿನ್ನಾಭಿಪ್ರಾಯದಿಂದ ಹೊರಬಂದು ಸೋಷಲಿಸ್ಟ್ ಲೀಗನ್ನು ಸಂಗಡಿಗರೊಡನೆ ಸ್ಥಾಪಿಸಿ, ಅದರ ಪತ್ರಿಕೆಯನ್ನು ನಡೆಸಿದನು. ಮಳೆಗಾಳಿಗಳಲ್ಲಿ ಬೀದಿಯ ಮೂಲೆಗಳಲ್ಲಿ ನಿಂತು ಉಪನ್ಯಾಸ ಮಾಡಿದನು. 1885ರಲ್ಲಿ ನ್ಯಾಯಸ್ಥಾನದಲ್ಲಿ ಪೋಲೀಸರ ಆಪಾದನೆಗೆ ಗುರಿಯಾಗಿ ಬಿಡುಗಡೆ ಹೊಂದಿದನು. 1887ರ ನವೆಂಬರ್ 13ರಂದು ಟ್ರಫಾಲ್ಗರ್ ಚೌಕದಲ್ಲಿ ಪೋಲೀಸರು ಜನರನ್ನು ಚದರಿಸಿದಾಗ ಆ ಮೆರವಣಿಗೆಯಲ್ಲಿ ಆತನೂ ಇದ್ದನು. 1892ರಲ್ಲಿ ಟೆನಿಸನ್ ಕವಿಯು ತೀರಿಕೊಂಡ ಮೇಲೆ ರಾಜಕವಿಯ ಪದವಿಗೆ ಒಪ್ಪುವೆಯಾ ಎಂದು ವಿಚಾರಿಸಿದಾಗ ನಿರಾಕರಿಸಿದನು. 1891ರಲ್ಲಿ ಆರಂಭಿಸಿದ ಕೆಲ್ಮ್‌ಸ್ಕಾಟ್ ಮುದ್ರಣಾಲಯವೇ ಆತನ ಕಡೆಯ ವರ್ಷಗಳ ಪ್ರೀತಿ. 1896ರ ಅಕ್ಟೋಬರ್ 3ರಂದು ತನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಶವವನ್ನು ಕೆಲ್ಮ್‌ಸ್ಕಾಟ್ ಹಳ್ಳಿಗೆ ಒಯ್ದು, ಎಲೆಗಳಿಂದ ಸಿಂಗರಿಸಿದ ಹೊಲದ ಬಂಡಿಯಲ್ಲಿಟ್ಟು ಸಮಾಧಿಗೆ ಕೊಂಡೊಯ್ದರು.

ಆತನ ತರುವಾಯ ಸಂಸ್ಥೆಯು 1940ರವರೆಗೆ ನಡೆದು ಮುಚ್ಚಿಹೋಯಿತು. ಆದರೆ ವಿದ್ಯೆಯ ಬೀಜ ಉಳಿಯಿತು. 1912ರಲ್ಲಿ ಎಡಿನ್‌ಬರೋ ನಗರದಲ್ಲಿ ಡವ್‌ಕಾಟ್ ಎಂಬ ನೇಯ್ಗೆಯ ಮನೆ ಆರಂಭವಾದಾಗ ಅದರ ಮೊದಲ ಕುಶಲಿಗಳು ಮರ್ಟನ್ನಿನಿಂದಲೇ ಹೋದರು. ಅಲ್ಲಿ ಇಂದಿಗೂ ಚಿತ್ರಪಟಗಳನ್ನು ಕೈಯಿಂದ ನೇಯುತ್ತಾರೆ. ನಮ್ಮ ಕಡೆಗೂ ಆ ಪ್ರವಾಹದ ಒಂದು ಕಾಲುವೆ ಹರಿದು ಬಂದಿತು. ಕಲಾತತ್ತ್ವಜ್ಞರಾದ ಆನಂದ ಕುಮಾರಸ್ವಾಮಿಯವರು ಸಿಂಹಳದ ಕಸುಬುಗಳನ್ನು ಕುರಿತ ತಮ್ಮ ಗ್ರಂಥವನ್ನು 1908ರಲ್ಲಿ ಪ್ರಕಟಿಸಿದಾಗ, ಅದನ್ನು ಮುದ್ರಿಸಿದುದು ಹಿಂದೆ ಮಾರಿಸನದಾಗಿದ್ದ ಕೈಯಚ್ಚಿನ ಮೇಲೆ. ಮಾರಿಸನ ಗುರುವಾದ ರಸ್ಕಿನ್ನನ ಮತ್ತೊಂದು ಗ್ರಂಥವನ್ನು 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿ, ತಮ್ಮ ಜೀವನವನ್ನೇ ಮಾರ್ಪಡಿಸಿಕೊಂಡವರು ಗಾಂಧೀಜಿ. ಒಂದೇ ಮಾತು ಒಬ್ಬನನ್ನು ಮಗ್ಗದ ಬಳಿಗೂ ಇನ್ನೊಬ್ಬರನ್ನು ಚರಕದ ಬಳಿಗೂ ಕರೆದೊಯ್ದಿತು. ಒಬ್ಬನು ಸಿರಿವಂತರ ಗೋಡೆಗೆ ನೇಯ್ದು ನೊಂದನು. ಇನ್ನೊಬ್ಬರು ಬಡವನ ಮೈಗೆ ನೂಲು ತೆಗೆದರು. ಕೆಲಸವನ್ನೇ ಪೂಜೆಯಾಗಿ ಬಗೆದ ಕಾಯಕತತ್ತ್ವವನ್ನೂ, ಮಗ್ಗವನ್ನು ಬಿಡದೆ ವಚನಕಾರನಾದ ಜೇಡರ ದಾಸಿಮಯ್ಯನನ್ನೂ ಬಲ್ಲ ಕನ್ನಡಿಗರಿಗೆ ಈ ಮಾತು ಹೊಸದಾಗಿ ಕೇಳಿಸಲಾರದು.

ಇಂದು ಚಿತ್ರನೇಯ್ಗೆಯು ಉಡುಪಿನ ಪೇಟೆಯಲ್ಲಿ ಮತ್ತೆ ಮನ್ನಣೆ ಪಡೆದಿದೆ. ಹಳೆಯ ಪಟಗಳನ್ನು ಕತ್ತರಿಸಿ ಕೋಟು ಹೊಲಿಯುವವರುಂಟು. ಅದರ ರೂಪವನ್ನು ಯಂತ್ರದ ಮಗ್ಗದಲ್ಲಿ ತೆಗೆದು ಕೈಚೀಲಗಳನ್ನು ಮಾಡುವವರುಂಟು. ಪೈಠಣಿಯ ಸೆರಗನ್ನು ರವಿಕೆಗೂ ಮೇಲಂಗಿಗೂ ಅಳವಡಿಸುವವರುಂಟು. ಇದನ್ನು ನಾವು ಹಳಿಯುವುದಿಲ್ಲ. ತೊಡುವವರಿಲ್ಲದೆ ಯಾವ ನೇಯ್ಗೆಯೂ ಉಳಿಯದು. ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಸೀರೆಯಿಂದ ಮಗ್ಗದ ಒಲೆ ಉರಿಯದು. ನಮ್ಮ ಪ್ರಶ್ನೆ ಇಷ್ಟೇ: ಆ ಬೆಲೆಯಲ್ಲಿ ಮಗ್ಗದವನ ಪಾಲೆಷ್ಟು? 2019-20ರಲ್ಲಿ ನಡೆದ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ಈ ದೇಶದಲ್ಲಿ ಕೈಮಗ್ಗವನ್ನು ಅವಲಂಬಿಸಿದ ಕೆಲಸಗಾರರು ಸುಮಾರು 35 ಲಕ್ಷ. ಅವರಲ್ಲಿ ಬಹುಪಾಲು ಹೆಂಗಸರು. ಅಂತಹ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ತಿಂಗಳ ವರಮಾನ 5,000 ರೂಪಾಯಿಗಳನ್ನು ಮುಟ್ಟಿರಲಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಶಾಸನವು 1985ರಲ್ಲಿಯೇ ಆಗಿದೆ. ಶಾಸನವು ಗ್ರಂಥದಲ್ಲಿದ್ದರೆ ಸಾಲದು, ಪೇಟೆಯಲ್ಲಿ ಕಾಣಬೇಕು. ಇದನ್ನು ನಮ್ಮ ಅಧಿಕಾರಿವರ್ಗದ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವ ಕೈಗಳು ನಮ್ಮ ನಾಡಿನಲ್ಲಿಯೇ ಇವೆ. ಆ ಸೀರೆಯ ಬಣ್ಣವನ್ನೂ ಅಂಚನ್ನೂ ಯಂತ್ರದ ಮಗ್ಗದಲ್ಲಿ ಅನುಕರಿಸಿ ಅದೇ ಹೆಸರಿನಿಂದ ಮಾರಿದರೆ, ಪೈಸ್ಲಿಯ ಕಥೆಯೇ ಇಲ್ಲಿಯೂ ನಡೆದಂತಾಗುತ್ತದೆ.

ಮಾರಿಸನು ಮೆಚ್ಚಿದ ನೆಟ್ಟನೆಯ ಮಗ್ಗದಲ್ಲಿ ನೇಯುವವನು ಪಟದ ಹಿಂಬದಿಯಲ್ಲಿ ಕುಳಿತಿರುತ್ತಾನೆ. ಮುಂಬದಿಯು ಹೇಗೆ ಮೂಡುತ್ತಿದೆಯೆಂಬುದನ್ನು ಹಾಸಿನೆಳೆಗಳ ಸಂದಿಯಿಂದ ಎದುರಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ಕೊಳ್ಳುವವನು ಕಾಣುವುದು ಮುಂಬದಿಯನ್ನು ಮಾತ್ರ. ಆದಕಾರಣ ನಮ್ಮ ವಾಚಕರು ಮುಂದಿನ ಸಲ ಬಟ್ಟೆಯಂಗಡಿಗೆ ಹೋದಾಗ, ಸೆರಗನ್ನು ಒಮ್ಮೆ ಮಗುಚಿ ಹಿಂಬದಿಯನ್ನೂ ನೋಡಲಿ. ಇದನ್ನು ನೇಯ್ದವರು ಯಾವ ಊರಿನವರು, ಅವರಿಗೆ ಸಂದುದು ಎಷ್ಟು ಎಂದು ಅಂಗಡಿಯವನನ್ನು ಕೇಳಲಿ. 516 ಗಂಟೆಗಳ ಲೆಕ್ಕವನ್ನು ತನ್ನ ಕೈಯಿಂದ ಬರೆದಿಟ್ಟ ಆ ಮನುಷ್ಯನ ಸ್ಮರಣೆಗೆ ಇದಕ್ಕಿಂತ ಹೆಚ್ಚಿನ ಉತ್ಸವವು ಬೇಕಾಗಿಲ್ಲ.